ಆರ್. ಕೆ. ನಾರಾಯಣರ ‘ಮೈ ಡೇಸ್’: ಬರವಣಿಗೆಯೇ ವೃತ್ತಿಯಾದ ಬಗೆ

ಗ್ರಂಥಕರ್ತರು ಮುಪ್ಪಿನಲ್ಲಿ ಬರೆದ ಆತ್ಮಕಥೆಗಳನ್ನು ಚರಿತ್ರೆಯ ವಿದ್ಯಾರ್ಥಿಯು ಎರಡು ಬಾರಿ ಓದಬೇಕಾಗುತ್ತದೆ: ಒಮ್ಮೆ ಎಲ್ಲರಂತೆ ರಸಾಸ್ವಾದನೆಗಾಗಿ, ಇನ್ನೊಮ್ಮೆ ದಾಖಲೆಯೆಂದು. ಎರಡನೆಯ ಓದಿನಲ್ಲಿ ಗ್ರಂಥಕರ್ತನು ಏನು ಹೇಳಿದನೆಂಬುದರಷ್ಟೇ, ಯಾವುದನ್ನು ಹಾಸ್ಯದ ಮಾತೊಂದರಲ್ಲಿ ದಾಟಿಸಿಬಿಟ್ಟನೆಂಬುದೂ ಮುಖ್ಯವಾಗುತ್ತದೆ. ಆರ್. ಕೆ. ನಾರಾಯಣ್ ಅವರ ‘ಮೈ ಡೇಸ್’ 1974ರಲ್ಲಿ ಪ್ರಕಟವಾಯಿತು. ಅದರ ತಿಳಿಯಾದ ನಗೆಯನ್ನು ಮೆಚ್ಚದವರಿಲ್ಲ. ಆ ನಗೆಯ ಮರೆಯಲ್ಲಿ ಒಂದು ಜಮಾಖರ್ಚಿನ ಪುಸ್ತಕವೂ ಇದೆಯೆಂಬುದನ್ನು ಗಮನಿಸಿದವರು ಕಡಮೆಯೆಂದು ತೋರುತ್ತದೆ.

ಈ ಪುಸ್ತಕವನ್ನು ಹೀಗೆ ಮತ್ತೆ ಕೈಗೆತ್ತಿಕೊಳ್ಳಲು ಒಂದು ಸಣ್ಣ ಕಾರಣವುಂಟು. ಕೆಲವು ಕಾಲದ ಹಿಂದೆ, ನಮ್ಮ ತರಗತಿಯಲ್ಲಿ ಓದಿ ಹೋದ ವಿದ್ಯಾರ್ಥಿಯೊಬ್ಬನು ಬಂದು, ತನಗೆ ಗುಮಾಸ್ತೆಯ ಕೆಲಸವೊಂದು ದೊರೆತಿರುವುದೆಂದೂ ಅದನ್ನು ಬಿಟ್ಟು ಕಾದಂಬರಿಗಳನ್ನೇ ಬರೆದುಕೊಂಡು ಇರಬೇಕೆಂದು ಮನಸ್ಸಾಗಿದೆಯೆಂದೂ ಹೇಳಿದನು. ಉದಾಹರಣೆಯಾಗಿ ಅವನು ಎತ್ತಿದ ಹೆಸರು ನಾರಾಯಣರದು. ಒಂದು ದಿನ ನೌಕರಿಯನ್ನು ಒದ್ದು, ಒಂದು ನೋಟುಪುಸ್ತಕವನ್ನು ಕೊಂಡು, ಮಾಲ್ಗುಡಿಯನ್ನು ಸೃಷ್ಟಿಸಿದ ಧೀರರಲ್ಲವೇ ಅವರು, ಎಂದು ಅವನ ವಾದ. ನಾನು ಒಡನೆ ಉತ್ತರ ಕೊಡಲಾರದೆ ಹೋದೆನು. ಈ ‘ಒಂದು ದಿನ’ ಎಂಬುದು ಎಷ್ಟರಮಟ್ಟಿಗೆ ನಿಜವೆಂದು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ನಾರಾಯಣರು ಹುಟ್ಟಿದ್ದು ಮದರಾಸಿನಲ್ಲಿ, 1906ರ ಅಕ್ಟೋಬರ್ 10ರಂದು. ಬಾಲ್ಯವನ್ನು ಕಳೆದುದು ಪುರಸವಾಕ್ಕದ ಅಜ್ಜಿಯ ಮನೆಯಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಹೆಡ್‌ಮಾಸ್ತರರಾಗಿದ್ದು, ಕೊನೆಗೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ಬಂದರು. ಆ ಶಾಲೆಯ ಪುಸ್ತಕಭಂಡಾರವೂ ಅಲ್ಲಿಗೆ ಬರುತ್ತಿದ್ದ ಇಂಗ್ಲೆಂಡಿನ ಪತ್ರಿಕೆಗಳೂ ಮಗನ ನಿಜವಾದ ವಿದ್ಯಾಲಯವಾದವು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅವರು ಅನುತ್ತೀರ್ಣರಾಗಿ ಒಂದು ವರುಷ ಕಾಲೇಜಿಲ್ಲದೆ ಉಳಿದರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಪುಸ್ತಕ ಹಿಡಿದು ಕುಳಿತ ಆ ವರುಷವನ್ನು ಅವರು ಬಹಳ ಸುಖದಿಂದ ನೆನೆಯುತ್ತಾರೆ. ಬಳಿಕ ಮಹಾರಾಜಾ ಕಾಲೇಜನ್ನು ಸೇರಿ, ವಾಡಿಕೆಗಿಂತ ಒಂದು ವರುಷ ಹೆಚ್ಚು ತೆಗೆದುಕೊಂಡು, 1930ರಲ್ಲಿ ಬಿ.ಎ. ಪದವಿಯನ್ನು ಪಡೆದರು.

ಇಲ್ಲಿಂದ ಮುಂದೆ ‘ನಿರ್ಧಾರ’ದ ಕಥೆ. ಎಂ.ಎ. ತರಗತಿಗೆ ಅರ್ಜಿ ಹಾಕಲು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದಾಗ ಸ್ನೇಹಿತನೊಬ್ಬನು ಎದುರಾಗಿ, ಸಾಹಿತ್ಯದ ಮೇಲಿನ ಪ್ರೀತಿಯನ್ನು ಕಳೆದುಕೊಳ್ಳಲು ಇದಕ್ಕಿಂತ ಸುಲಭವಾದ ದಾರಿಯಿಲ್ಲವೆಂದು ಹೇಳಿ ಅವರನ್ನು ಹಿಂದಿರುಗಿಸಿದನಂತೆ. (ಅಂಥ ಮೆಟ್ಟಿಲನ್ನು ಹತ್ತಿಯೇಬಿಟ್ಟವರಲ್ಲಿ ಒಬ್ಬನಾದ ಈ ಲೇಖಕನಿಗೆ ಆ ಸ್ನೇಹಿತನ ಮೇಲೆ ಕೋಪವಿಲ್ಲ, ಎದುರಾಗದೆ ಹೋದನಲ್ಲಾ ಎಂಬ ಸಣ್ಣ ಕೊರಗು ಮಾತ್ರ ಉಂಟು.) ಆಮೇಲೆ ತಂದೆಯ ಪ್ರಯತ್ನದಿಂದ ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಉಪಾಧ್ಯಾಯ ವೃತ್ತಿ ದೊರೆಯಿತು. ಅಲ್ಲಿ ಅವರು ನಿಂತುದು ಕೆಲವೇ ದಿನ. ವ್ಯಾಯಾಮದ ಮೇಷ್ಟರ ಬದಲಿಗೆ ಹುಡುಗರಿಗೆ ಡ್ರಿಲ್ ಮಾಡಿಸಬೇಕೆಂದು ಹೇಳಿದ್ದು ನೆಪವಾಗಿ, ಮನೆಗೆ ಮರಳಿಬಿಟ್ಟರು.

ಬೆಂಗಳೂರಿನಲ್ಲಿ ಅಜ್ಜಿಯು ಗೊತ್ತುಮಾಡಿಕೊಟ್ಟ ಒಂದು ಶುಭದಿನದಲ್ಲಿ ನೋಟುಪುಸ್ತಕವನ್ನು ಕೊಂಡು ಮೊದಲ ಕಾದಂಬರಿಯ ಮೊದಲ ವಾಕ್ಯವನ್ನು ಬರೆದುದೂ ಆ ವರುಷವೇ. ಆ ದಿನವು ಸೆಪ್ಟೆಂಬರಿನಲ್ಲಿ ಬಂದಿತೆಂದು ‘ಮೈ ಡೇಸ್’ ಹೇಳುತ್ತದೆ. ಅದು ವಿಜಯದಶಮಿಯೆಂಬ ಮಾತೂ ಬಹುವಾಗಿ ಪ್ರಚಾರದಲ್ಲಿದೆ. 1930ರ ವಿಜಯದಶಮಿ ಬಿದ್ದುದು ಅಕ್ಟೋಬರ್ ತಿಂಗಳ ಮೊದಲಲ್ಲಿ. ಎರಡೂ ಏಕಕಾಲಕ್ಕೆ ಸರಿಯಾಗಿರಲಾರವು. ಇದು ಅಷ್ಟೇನೂ ದೊಡ್ಡ ವಿಷಯವಲ್ಲ. ಆದರೆ ನಾಲ್ಕು ದಶಕಗಳ ಬಳಿಕ ಒಂದು ಆರಂಭವು ನೆನಪಿನಲ್ಲಿ ಹೇಗೆ ಮಂಗಳಕರವಾದ ಆಕಾರವನ್ನು ತಾಳುತ್ತದೆಂಬುದಕ್ಕೆ ಇದೊಂದು ನಿದರ್ಶನ. ಮಲ್ಲೇಶ್ವರ ಮತ್ತು ಬಸವನಗುಡಿಗಳನ್ನು ಕೂಡಿಸಿ ಮಾಲ್ಗುಡಿಯೆಂಬ ಹೆಸರನ್ನು ಕಟ್ಟಲಾಯಿತೆಂಬ ಬೆಂಗಳೂರಿನವರ ಪ್ರಿಯವಾದ ಐತಿಹ್ಯವೂ ಇದೇ ಜಾತಿಯದು. ಗ್ರಂಥಕರ್ತರು ಹೇಳುವುದಾದರೋ ಇಷ್ಟೇ: ಮೊದಲು ಒಂದು ರೈಲ್ವೆ ನಿಲ್ದಾಣ ಮನಸ್ಸಿಗೆ ಹೊಳೆಯಿತು, ಹೆಸರು ಅದರೊಡನೆಯೇ ಬಂದಿತು.

ನಿರ್ಧಾರವಾದ ಮೇಲೆ ಆದಾಯವೆಷ್ಟು? ಇಲ್ಲಿ ‘ಮೈ ಡೇಸ್’ ಆಶ್ಚರ್ಯಕರವಾದ ನಿಖರತೆಯಿಂದ ಮಾತನಾಡುತ್ತದೆ. ಮೊದಲ ವರುಷದ ಗಳಿಕೆ 9 ರೂಪಾಯಿ 12 ಆಣೆ. ಅದೂ ಹದಿನೇಳನೆಯ ಶತಮಾನದ ಇಂಗ್ಲೆಂಡಿನ ನೌಕಾಕಾನೂನಿನ ಬೆಳವಣಿಗೆಯನ್ನು ಕುರಿತ ಪುಸ್ತಕವೊಂದನ್ನು ವಿಮರ್ಶಿಸಿದ್ದಕ್ಕೆ. ಎರಡನೆಯ ವರುಷ ‘ದಿ ಹಿಂದೂ’ ಪತ್ರಿಕೆ ಸಣ್ಣಕಥೆಯೊಂದಕ್ಕೆ 18 ರೂಪಾಯಿಗಳನ್ನು ಕಳುಹಿಸಿತು. ಮೂರನೆಯ ವರುಷ ಮಕ್ಕಳ ಕಥೆಯೊಂದರಿಂದ ಬಂದುದು 30 ರೂಪಾಯಿಯ ಒಂದು ಚೆಕ್ಕು. ಅದನ್ನು ತಂದೆಯ ಕೈಗೆ ಕೊಟ್ಟಾಗ, ನಿನ್ನ ಮೊದಲನೆಯದೂ ಕೊನೆಯದೂ ಆದ ಚೆಕ್ಕು ಇದೇ ಇರಬೇಕೆಂದು ತಂದೆಯವರು ನಕ್ಕರಂತೆ; ‘ಕೊನೆಯದು’ ಎಂಬ ಮಾತಿಗೆ ಮಗ ಆಕ್ಷೇಪಿಸಿದ ಕೂಡಲೇ ಅದನ್ನು ಹಿಂತೆಗೆದುಕೊಂಡರಂತೆ. ಮೂರು ವರುಷದ ಮೊತ್ತವನ್ನು ನಾರಾಯಣರು ಕೂಡಿಸಿ ತೋರಿಸುವುದಿಲ್ಲ. ನಾವು ಕೂಡಿಸೋಣ: 57 ರೂಪಾಯಿ 12 ಆಣೆ. ತಿಂಗಳಿಗೆ ಒಂದು ರೂಪಾಯಿ ಹತ್ತು ಆಣೆಗೂ ತುಸು ಕಡಮೆ.

ಹೀಗಿರಲು, ಆ ಮೂರು ವರುಷ ಅನ್ನವಿಟ್ಟವರು ಯಾರು? ಉತ್ತರ ಸ್ಪಷ್ಟವಾಗಿಯೇ ಇದೆ. ತಂದೆಯ ವರಮಾನ, ಸಂಬಳ ತರುತ್ತಿದ್ದ ಸೋದರ, ತಾಯಿಯ ಅಡುಗೆಮನೆ, ಅಜ್ಜಿಯ ಆಸರೆ. ಅವಿಭಕ್ತ ಕುಟುಂಬವು ಈ ಕಾದಂಬರಿಕಾರನ ಮೊದಲ ಪ್ರಕಾಶಕ ಮಾತ್ರವಲ್ಲ, ಬಡ್ಡಿಯಿಲ್ಲದೆ ಸಾಲ ಕೊಟ್ಟ ಸಾಹುಕಾರನೂ ಆಗಿದ್ದಿತು. ಪ್ರಾಚೀನ ಕವಿಗಳ ವಿಷಯದಲ್ಲಿ ರಾಜಾಶ್ರಯವನ್ನು ಕುರಿತು ಪುಟಗಟ್ಟಲೆ ಬರೆಯುವ ನಾವು, ಆಧುನಿಕ ಸಾಹಿತಿಯ ವಿಷಯದಲ್ಲಿ ಈ ಗೃಹಾಶ್ರಯವನ್ನು ಕುರಿತು ಬರೆಯುವುದೇ ಇಲ್ಲ. ಅರಸನು ಕೊಟ್ಟ ಗ್ರಾಮಕ್ಕೆ ಶಾಸನವುಂಟು. ಮನೆಯವರು ಬಡಿಸಿದ ಅನ್ನಕ್ಕೆ ಶಾಸನವಿಲ್ಲ.

ಇನ್ನು ಕಾಲದ ಮಾತು. 1930ನೆಯ ಇಸವಿ ಸಾಮಾನ್ಯವಾದುದಲ್ಲ. ಪ್ರಪಂಚದ ವ್ಯಾಪಾರವೆಲ್ಲ ಮುಗ್ಗರಿಸಿದ್ದ ಕಾಲ ಅದು. ಮೈಸೂರು ಸಂಸ್ಥಾನದೊಳಗೆ ಇನ್ನೊಂದು ಬದಲಾವಣೆಯೂ ನಡೆದಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ತಕ್ಕ ಪಾಲು ದೊರಕುವ ಬಗೆಯನ್ನು ವಿಚಾರಿಸಿತು. ಆ ಸಮಿತಿಯ ಸಲಹೆಗಳು ಬರಬರುತ್ತ ಆಚರಣೆಗೆ ಬಂದವು. ಅದುವರೆಗೆ ಹುದ್ದೆಗಳಲ್ಲಿ ತನ್ನ ಸಂಖ್ಯೆಗೆ ಮೀರಿದ ಪಾಲನ್ನು ಹೊಂದಿದ್ದ ಬ್ರಾಹ್ಮಣ ಸಮುದಾಯದ ಪದವೀಧರ ಯುವಕನಿಗೆ, ತಂದೆಯ ಕಾಲದಲ್ಲಿದ್ದಷ್ಟು ಅಗಲವಾದ ಬಾಗಿಲು ಆಗ ಇರಲಿಲ್ಲ. ಈ ಬದಲಾವಣೆ ನ್ಯಾಯವಾದುದೆಂಬುದರಲ್ಲಿ ಈ ಲೇಖಕನಿಗೆ ಸಂದೇಹವಿಲ್ಲ. ಆದರೆ ನೌಕರಿಯನ್ನು ನಿರಾಕರಿಸಿದ ಯುವಕನ ಕಥೆಯನ್ನು, ನೌಕರಿಯ ಸ್ವರೂಪವೇ ಬದಲಾಗುತ್ತಿದ್ದ ಕಾಲದ ಹಿನ್ನೆಲೆಯಿಲ್ಲದೆ ಹೇಳಲಾಗದು.

ಹಾಗೆಂದು, ಕೆಲಸ ಸಿಗದಿದ್ದುದರಿಂದ ಬರೆದರೆಂದು ಹೇಳುವುದೂ ತಪ್ಪಾದೀತು. ಚನ್ನಪಟ್ಟಣದ ಕೆಲಸ ಸಿಕ್ಕಿದ್ದೇ ಇದಕ್ಕೆ ಸಾಕ್ಷಿ. ತಂದೆಯ ಪ್ರಭಾವಕ್ಕೆ ಇನ್ನೂ ಬೆಲೆಯಿದ್ದಿತು. ಬಿಟ್ಟುಬಂದವರು ನಾರಾಯಣರೇ. ನಾವು ಹೇಳಬಹುದಾದುದು ಇಷ್ಟು: ಅದು ಒಂದು ದಿನದ ನಿರ್ಧಾರವಲ್ಲ, ಕಾಲೇಜಿನ ಮೆಟ್ಟಿಲಿನಿಂದ ಹಿಂದಿರುಗಿದ್ದು ಒಂದು, ಶಾಲೆಯಿಂದ ಓಡಿಬಂದದ್ದು ಒಂದು, ನೋಟುಪುಸ್ತಕ ಕೊಂಡದ್ದು ಒಂದು. ಇವು ಮೂರನ್ನೂ ಒಂದೇ ಸರದಲ್ಲಿ ಪೋಣಿಸಿ ಸಂಕಲ್ಪವೆಂದು ಕರೆದುದು 1974ರ ನಾರಾಯಣರು, 1930ರವರಲ್ಲ.

ಈ ಕಾಲದ ವಿಪರ್ಯಾಸವನ್ನು ಎತ್ತಿ ತೋರಿಸುವ ಇನ್ನೊಂದು ಪ್ರಸಂಗವುಂಟು. 1933-34ರ ಸುಮಾರಿನಲ್ಲಿ ನಾರಾಯಣರು ಕೊಯಮತ್ತೂರಿನ ಅಕ್ಕನ ಮನೆಗೆ ಹೋಗಿದ್ದಾಗ ರಾಜಂ ಎಂಬ ಕನ್ಯೆಯನ್ನು ಕಂಡು ಮೆಚ್ಚಿ, ಜಾತಕದಲ್ಲಿ ಕುಜದೋಷವಿದೆಯೆಂಬ ಆಕ್ಷೇಪಣೆಯನ್ನೂ ದಾಟಿ ಮದುವೆಯಾದರು. ಸಂಸಾರವಾದ ಮೇಲೆ 9 ರೂಪಾಯಿ 12 ಆಣೆಯ ಲೆಕ್ಕ ನಡೆಯದು. ಆಗ ಅವರು ಹಿಡಿದ ಕೆಲಸ, ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ಬಾತ್ಮೀದಾರಿಕೆ. ಬ್ರಾಹ್ಮಣೇತರ ಚಳವಳಿಯ ಮುಖಪತ್ರಕ್ಕೆ ಬ್ರಾಹ್ಮಣ ಯುವಕನೊಬ್ಬನು ಸುದ್ದಿ ಹೊತ್ತುಕೊಟ್ಟದ್ದು ಊರಿನವರಿಗೆ ತಮಾಷೆಯಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಪ್ರತಿಫಲ ಸಲ್ಲುತ್ತಿದ್ದುದು ಅಚ್ಚಾದ ಕಾಲಮಿನ ಉದ್ದವನ್ನು ಅಳೆದು. ಆದ್ದರಿಂದ ಮಾರುಕಟ್ಟೆ, ಕೋರ್ಟು, ಪುರಸಭೆ, ಸಾರ್ವಜನಿಕ ಭಾಷಣ, ಕೊಲೆ, ಕಳವು, ಎಲ್ಲಿ ಏನು ನಡೆದರೂ ಅವರು ಹೋಗಿ ನಿಲ್ಲಬೇಕಾಯಿತು. ಕುಕ್ಕರಹಳ್ಳಿಯ ಏರಿಯ ಮೇಲೆ ಕೀಟ್ಸನನ್ನೂ ಟಾಗೋರರನ್ನೂ ಓದಿಕೊಂಡಿದ್ದವರು ಮೈಸೂರಿನ ಬೀದಿಗಳನ್ನು ನಿಜವಾಗಿ ಕಂಡುದು, ನನ್ನ ಅಭಿಪ್ರಾಯದಲ್ಲಿ, ಈ ಅವಧಿಯಲ್ಲಿ. ಮೊದಲ ಕಾದಂಬರಿಯಲ್ಲಿ ಮಾಲ್ಗುಡಿಯು ಶಾಲೆ, ಮನೆ, ನದಿ ಮತ್ತು ಆಟದ ಬಯಲು ಮಾತ್ರ. ಮುಂದಿನವುಗಳಲ್ಲಿ ಅದಕ್ಕೆ ಅಂಗಡಿಗಳೂ ಕಚೇರಿಗಳೂ ಮುದ್ರಣಾಲಯಗಳೂ ಬ್ಯಾಂಕೂ ಬಂದು ಸೇರಿದವು.

ಆ ಮೊದಲ ಕಾದಂಬರಿಯು ಬೆಳಕು ಕಂಡ ಬಗೆಯನ್ನು ಎಲ್ಲರೂ ಬಲ್ಲರಾದ್ದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಲಂಡನ್ನಿನ ಪ್ರಕಾಶಕರಿಂದ ಮತ್ತೆ ಮತ್ತೆ ತಿರಸ್ಕೃತವಾದ ಹಸ್ತಪ್ರತಿಯು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಮೈಸೂರಿನ ಸ್ನೇಹಿತ ಕಿಟ್ಟು ಪೂರ್ಣ ಅವರ ಕೈ ಸೇರಿತು. ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡೆಂದು ನಾರಾಯಣರು ಬರೆದರೂ ಸ್ನೇಹಿತನು ಕೇಳದೆ ಅದನ್ನು ಗ್ರಹಾಂ ಗ್ರೀನರಿಗೆ ಕೊಟ್ಟನು. ಗ್ರೀನರ ಶಿಫಾರಸಿನ ಮೇಲೆ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಅವರಿಂದ ಪ್ರಕಟವಾಯಿತು. ನಾರಾಯಣಸ್ವಾಮಿಯೆಂಬ ಹೆಸರು ನಾರಾಯಣ್ ಎಂದು ಮೊಟಕಾದುದೂ ಆಗಲೇ. ಪುಸ್ತಕಕ್ಕೆ ಪ್ರಶಂಸೆ ಬಂದಿತು, ಹಣ ಬರಲಿಲ್ಲ. ಎರಡನೆಯ ಕಾದಂಬರಿ ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ 1937ರಲ್ಲಿ ಬೇರೊಬ್ಬ ಪ್ರಕಾಶಕರಿಂದ, ಮೂರನೆಯದು ‘ದಿ ಡಾರ್ಕ್ ರೂಮ್’ 1938ರಲ್ಲಿ ಮತ್ತೊಬ್ಬರಿಂದ ಹೊರಬಂದಿತು. ಮೂರು ಪುಸ್ತಕಗಳಿಗೆ ಮೂವರು ಪ್ರಕಾಶಕರೆಂದರೆ, ಯಾರೊಬ್ಬರಿಗೂ ಲಾಭವಾಗಲಿಲ್ಲವೆಂದೇ ಅರ್ಥ.

1937ರಲ್ಲಿ ತಂದೆ ತೀರಿಕೊಂಡರು. 1939ರಲ್ಲಿ ವಿಷಮಶೀತ ಜ್ವರದಿಂದ ರಾಜಂ ಅವರು ಮೂರು ವರುಷದ ಮಗಳನ್ನು ಬಿಟ್ಟು ಗತಿಸಿದರು. ಈ ಎರಡರ ನಡುವೆ, ಅದುವರೆಗೆ ಪಡೆಯುವವರಾಗಿದ್ದ ನಾರಾಯಣರು ಮನೆಗೆ ಕೊಡುವವರಲ್ಲಿ ಒಬ್ಬರಾಗಬೇಕಾಯಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನದ ಸರ್ಕಾರಕ್ಕಾಗಿ ‘ಮೈಸೂರ್’ ಎಂಬ ಪ್ರವಾಸಗ್ರಂಥವನ್ನು ಬರೆದುಕೊಡಲು ಒಪ್ಪಿ, ನಾಡನ್ನೆಲ್ಲ ಸುತ್ತಿದರು. ‘ದಿ ಹಿಂದೂ’ ಪತ್ರಿಕೆಯ ಭಾನುವಾರದ ಸಂಚಿಕೆಗೆ ವಾರವಾರವೂ ಬರೆದರು. 1941ರಲ್ಲಿ ‘ಇಂಡಿಯನ್ ಥಾಟ್’ ಎಂಬ ತ್ರೈಮಾಸಿಕವನ್ನು ಮೈಸೂರಿನಲ್ಲೇ ಅಚ್ಚು ಹಾಕಿಸಿ ಹೊರತಂದರು. ಮೂರು ಸಂಚಿಕೆಗಳಿಗೆ ಅದರ ಆಯುಸ್ಸು ಮುಗಿಯಿತು. ಅದೇ ಹೆಸರಿನಲ್ಲಿ ತಮ್ಮ ಪುಸ್ತಕಗಳಿಗೆ ತಾವೇ ಪ್ರಕಾಶಕರಾದರು. ಮದರಾಸಿಗೆ ಹೋಗಿ ಜೆಮಿನಿ ಸಂಸ್ಥೆಯ ‘ಮಿಸ್ ಮಾಲಿನಿ’ ಚಿತ್ರಕ್ಕೆ ಕಥೆ ಬರೆದರು. ಅದು 1947ರಲ್ಲಿ ತೆರೆ ಕಂಡಿತು.

ಇವೆಲ್ಲವನ್ನೂ ಸಾಮಾನ್ಯವಾಗಿ ಅಡ್ಡದಾರಿಗಳೆಂದು ವರ್ಣಿಸುವುದುಂಟು. ಕಾದಂಬರಿಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಅಡ್ಡದಾರಿ ಯಾವುದು, ಹೆದ್ದಾರಿ ಯಾವುದು ಎಂಬುದೇ ಗೊತ್ತಾಗದಂತಾಗುತ್ತದೆ. ‘ಬ್ಯಾಚಲರ್ ಆಫ್ ಆರ್ಟ್ಸ್’ನ ಚಂದ್ರನ್ ಕೊನೆಗೆ ನೆಲೆಗೊಳ್ಳುವುದು ಪತ್ರಿಕೆಯೊಂದರ ಏಜೆಂಟನಾಗಿ. ‘ಮಿಸ್ಟರ್ ಸಂಪತ್’ (1949) ಎಂಬುದರಲ್ಲಿ ಅಣ್ಣನ ಪ್ರಶ್ನೆಗೆ ಉತ್ತರಿಸಲಾರದೆ ಮನೆಬಿಟ್ಟು ಬಂದ ಶ್ರೀನಿವಾಸನು ಮಾಲ್ಗುಡಿಯಲ್ಲಿ ವಾರಪತ್ರಿಕೆ ನಡೆಸುತ್ತಾನೆ. ಅದು ನಿಂತಮೇಲೆ ಮುದ್ರಕನ ಬೆನ್ನು ಹಿಡಿದು ಸಿನಿಮಾ ಸ್ಟುಡಿಯೋ ಸೇರುತ್ತಾನೆ. ‘ದಿ ಮ್ಯಾನ್-ಈಟರ್ ಆಫ್ ಮಾಲ್ಗುಡಿ’ (1961) ಎಂಬುದರ ನಾಯಕನೂ ಮುದ್ರಕನೇ. ‘ದಿ ಗೈಡ್’ (1958) ಕಾದಂಬರಿಯ ರಾಜು, ಬಂದವರಿಗೆ ಬೇಕಾದಂತೆ ಸ್ಥಳಪುರಾಣವನ್ನು ಕಟ್ಟಿ ಹೇಳುವ ಮಾರ್ಗದರ್ಶಿ. ಸರ್ಕಾರಕ್ಕಾಗಿ ಪ್ರವಾಸಗ್ರಂಥ ಬರೆದವರ ಕಣ್ಣು ಅವನ ಹಿಂದೆ ಇದೆಯೆಂದು ಊಹಿಸಿದರೆ ತಪ್ಪಾಗಲಾರದು. ‘ದಿ ಇಂಗ್ಲಿಷ್ ಟೀಚರ್’ (1945) ಕೃತಿಯ ಕೃಷ್ಣನು ನೂರು ರೂಪಾಯಿಯ ಕಾಲೇಜು ಕೆಲಸವನ್ನು ಬಿಟ್ಟು ಇಪ್ಪತ್ತೈದು ರೂಪಾಯಿಗೆ ಮಕ್ಕಳ ಶಾಲೆಯನ್ನು ಸೇರುತ್ತಾನೆ. ಇಪ್ಪತ್ತೈದಾದರೂ ಸಂಬಳ ಸಂಬಳವೇ ಎಂಬುದನ್ನು ಗಮನಿಸಬೇಕು. ಏನೂ ಇಲ್ಲದೆ ಬದುಕಿ ನೋಡಿದವರು ತಮ್ಮ ನಾಯಕನಿಗೆ ಆ ಇಪ್ಪತ್ತೈದನ್ನು ಎಣಿಸಿಕೊಟ್ಟಿದ್ದಾರೆ.

ಇಲ್ಲಿ ಕನ್ನಡದ ಮಾತೊಂದನ್ನು ತರುವುದು ಅಪ್ರಸ್ತುತವಲ್ಲ. ಅದೇ ಕಾಲದಲ್ಲಿ, ಅದೇ ಮಹಾರಾಜಾ ಕಾಲೇಜಿನಲ್ಲಿ, ಕುವೆಂಪು ಅವರು 1929ರಿಂದ ಕನ್ನಡ ಅಧ್ಯಾಪಕರಾಗಿದ್ದರು. ಮಾಸ್ತಿಯವರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿದ್ದುಕೊಂಡೇ ಕಥೆಗಳನ್ನು ಬರೆಯುತ್ತಿದ್ದರು. ಕನ್ನಡದ ನವೋದಯಕ್ಕೆ ಅನ್ನವಿಟ್ಟದ್ದು ಬಹುಮಟ್ಟಿಗೆ ಸರ್ಕಾರ ಮತ್ತು ವಿಶ್ವವಿದ್ಯಾಲಯದ ಸಂಬಳ. ಬರವಣಿಗೆಯಿಂದಲೇ ಬದುಕಲು ಹೊರಟವರೂ ಇದ್ದರು. ಅದಕ್ಕೆ ಮುಂಚೆ ಗಳಗನಾಥರು (1869-1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು, ಅ. ನ. ಕೃಷ್ಣರಾಯರು (1908-1971) ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು ಅವುಗಳನ್ನೇ ನೆಚ್ಚಿ ಬಾಳಿದರು. ಇವರಿಬ್ಬರಿಗೂ ಓದುಗನು ಎದುರಿಗಿದ್ದನು. ಪುಸ್ತಕ ಹಿಡಿದು ಅವನ ಬಾಗಿಲಿಗೆ ಹೋಗಬಹುದಾಗಿತ್ತು. ಇಂಗ್ಲಿಷಿನಲ್ಲಿ ಬರೆದ ನಾರಾಯಣರ ಓದುಗನು ಸಮುದ್ರದಾಚೆ ಇದ್ದನು. ಕಥೆಯ ಸರಕು ಮೈಸೂರಿನದು, ಅನ್ನ ಮೈಸೂರಿನದು, ಬೆಲೆ ಕಟ್ಟುವವನು ಮಾತ್ರ ಲಂಡನ್ನಿನವನು. ಯುದ್ಧ ಬಂದು ಲಂಡನ್ನಿನ ದಾರಿ ಕಟ್ಟಿದಾಗ ಅವರು ತಾವೇ ಪ್ರಕಾಶಕರಾದುದಕ್ಕೆ ಇದೇ ಕಾರಣ. ಬರವಣಿಗೆಯಿಂದ ನಿರಾತಂಕವಾಗಿ ಬದುಕುವ ಸ್ಥಿತಿ ಅವರಿಗೆ ಒದಗಿದುದು, 1953ರಿಂದ ಅಮೆರಿಕೆಯಲ್ಲಿ ಅವರ ಪುಸ್ತಕಗಳು ಪ್ರಕಟವಾಗತೊಡಗಿ, 1956ರಲ್ಲಿ ರಾಕ್‌ಫೆಲರ್ ಸಂಸ್ಥೆಯ ನೆರವಿನಿಂದ ಆ ದೇಶಕ್ಕೆ ಹೋಗಿ, ಬರ್ಕ್‌ಲಿಯ ಹೋಟೆಲೊಂದರ ಕೋಣೆಯಲ್ಲಿ ‘ಗೈಡ್’ ಬರೆದ ಅನಂತರವೆಂದು ಹೇಳಬಹುದು. ಆ ಕಾದಂಬರಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನೋಟುಪುಸ್ತಕ ಕೊಂಡ ದಿನದಿಂದ ಲೆಕ್ಕ ಹಾಕಿದರೆ ಕಾಲು ಶತಮಾನಕ್ಕೂ ಮಿಗಿಲಾದ ಅವಧಿ. ನನ್ನ ವಿದ್ಯಾರ್ಥಿಯು ಹೇಳಿದ ‘ಒಂದು ದಿನ’ದ ಉದ್ದ ಇಷ್ಟು.

ಈಗ ‘ಮೈ ಡೇಸ್’ನ ಮೌನಗಳ ವಿಷಯ. ತಂದೆಯ ಹಾಸ್ಯ, ಸಂಪಾದಕರ ಪತ್ರ, ಪ್ರಕಾಶಕರ ನಿರಾಕರಣೆ, ಇವುಗಳ ವಿವರವನ್ನು ಕೊಡುವ ಗ್ರಂಥವು, ಒಬ್ಬನು ಗಳಿಸದೆ ಕುಳಿತ ಮನೆಯನ್ನು ಹೆಂಗಸರು ಹೇಗೆ ನಡೆಸಿದರೆಂಬುದರ ಲೆಕ್ಕವನ್ನು ಅಷ್ಟು ನಿಖರವಾಗಿ ಕೊಡುವುದಿಲ್ಲ. ರಾಜಂ ಅವರ ಮರಣವನ್ನು ಕುರಿತ ಪುಟಗಳು ಮನಕರಗಿಸುವಂಥವು. ಆಕೆಯ ದಿನದಿನದ ಬಾಳು ಆ ಪುಟಗಳಲ್ಲಿ ಮಸುಕು. ಆತ್ಮಕಥೆಯು ಬಿಟ್ಟುದನ್ನು ಕಾದಂಬರಿಯು ಹೇಳಿತೇ ಎಂದು ಹುಡುಕಿದಾಗ ‘ದಿ ಡಾರ್ಕ್ ರೂಮ್’ ನಮ್ಮ ಕಣ್ಣಿಗೆ ಬೀಳುತ್ತದೆ. ವಿಮೆ ಕಂಪೆನಿಯ ಅಧಿಕಾರಿ ರಮಣಿಯ ಹೆಂಡತಿ ಸಾವಿತ್ರಿಯು, ಗಂಡನು ಬೇರೊಬ್ಬಳಿಗೆ ಮನಸೋತುದನ್ನು ತಾಳಲಾರದೆ ಮನೆ ಬಿಟ್ಟು ಹೊರಡುವಾಗ, ತನ್ನದೆಂದು ಒಯ್ಯಬಹುದಾದ ವಸ್ತು ಒಂದೂ ಇಲ್ಲವೆಂದು ಕಂಡುಕೊಳ್ಳುತ್ತಾಳೆ. ಒಡವೆ ತಂದೆಯದು ಅಥವಾ ಗಂಡನದು, ತನ್ನದು ಮೈಯೊಂದೇ. ಸರಯೂ ನದಿಗೆ ಬಿದ್ದವಳನ್ನು ಮಾರಿಯೆಂಬವನು ಉಳಿಸುತ್ತಾನೆ. ಗುಡಿಯ ಕೆಲಸ ಮಾಡಿ ತನ್ನ ಕೂಳನ್ನು ತಾನೇ ದುಡಿದು ತಿನ್ನಲು ನೋಡುತ್ತಾಳೆ. ಆಗದೆ ಮಕ್ಕಳಿಗಾಗಿ ಮನೆಗೆ ಮರಳುತ್ತಾಳೆ. ಈ ಕೃತಿಯನ್ನು ವಿಮರ್ಶಕರು ನಾರಾಯಣರ ಸ್ವಭಾವಕ್ಕೆ ಹೊರತಾದುದೆಂದೂ ಹಾಸ್ಯವಿಲ್ಲದ ದುರ್ಬಲ ಕಾದಂಬರಿಯೆಂದೂ ಬದಿಗಿಟ್ಟಿದ್ದಾರೆ. ರಚನೆಯಲ್ಲಿ ದೌರ್ಬಲ್ಯವಿರುವುದನ್ನು ಒಪ್ಪಬಹುದು. ಸ್ವಭಾವಕ್ಕೆ ಹೊರತೆಂಬುದನ್ನು ಒಪ್ಪಲಾಗದು. ಸಂಪಾದನೆಯಿಲ್ಲದೆ ಇನ್ನೊಬ್ಬರ ಮನೆಯ ಅನ್ನ ಉಣ್ಣುವುದೆಂದರೇನೆಂಬುದನ್ನು ಅಷ್ಟು ಹತ್ತಿರದಿಂದ ಬಲ್ಲ ಗಂಡಸರು ಆ ಕಾಲದ ಲೇಖಕರಲ್ಲಿ ಹೆಚ್ಚಿರಲಿಲ್ಲ. ವ್ಯತ್ಯಾಸವೊಂದುಂಟು: ಮಗನ ವಿಷಯದಲ್ಲಿ ಅದು ನಗೆಯ ಮಾತಾಗಬಹುದಿತ್ತು, ಸೊಸೆಯ ವಿಷಯದಲ್ಲಿ ಆಗುವಂತಿರಲಿಲ್ಲ. ಆ ವ್ಯತ್ಯಾಸವನ್ನು ನಾರಾಯಣರು ತಂದೆಯಿದ್ದ ಮನೆಯ ಆಸರೆಯನ್ನು ಕಳೆದುಕೊಂಡ ಮರುವರುಷವೇ ಪ್ರಕಟಿಸಿದರು.

ಇದಕ್ಕಿಂತ ಹೆಚ್ಚು ವಿಚಾರಾರ್ಹವಾದುದು ‘ದಿ ವೆಂಡರ್ ಆಫ್ ಸ್ವೀಟ್ಸ್’. 1967ರಲ್ಲಿ, ಆತ್ಮಕಥೆಗೆ ಏಳು ವರುಷ ಮುಂಚೆ, ಪ್ರಕಟವಾದ ಈ ಕಾದಂಬರಿಯನ್ನು ಗಾಂಧೀವಾದ ಮತ್ತು ಆಧುನಿಕತೆಗಳ ತಿಕ್ಕಾಟದ ಕಥೆಯೆಂದು ನಾವು ತರಗತಿಗಳಲ್ಲಿ ಹೇಳಿಕೊಡುತ್ತೇವೆ. ಆ ಅರ್ಥ ಇಲ್ಲದಿಲ್ಲ. ಆದರೆ ಕಥೆ ಹುಟ್ಟುವುದು ಎಲ್ಲಿಂದ? ಮಿಠಾಯಿ ಅಂಗಡಿಯ ಜಗನ್ನನ ಮಗ ಮಾಲಿಯು ಒಂದು ದಿನ ತಾನು ಕಾಲೇಜು ಬಿಡುವುದಾಗಿಯೂ ಕಾದಂಬರಿಕಾರನಾಗುವುದಾಗಿಯೂ ತಂದೆಗೆ ತಿಳಿಸುತ್ತಾನೆ. ತಂದೆ ಒಳಗೊಳಗೇ ತಳಮಳಗೊಂಡರೂ ಮಗನನ್ನು ಕೆಣಕಲು ಹೆದರುತ್ತಾನೆ. ಹೊರಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ, ಒಳಗೆ ಮಗ ಏನು ಬರೆಯುತ್ತಿದ್ದಾನೆಂದು ಕದ್ದು ನೋಡಲು ಹವಣಿಸುತ್ತಾನೆ. ಬರೆದದ್ದೇನೂ ಇರುವುದಿಲ್ಲ. ಬರೆಯುವುದನ್ನು ಕಲಿಯಲು ಮಗ ಅಮೆರಿಕೆಗೆ ಹೋಗುತ್ತಾನೆ. ಹಿಂದಿರುಗಿದಾಗ ಅವನು ತರುವುದು ಕಾದಂಬರಿಯನ್ನಲ್ಲ, ಕಥೆ ಬರೆಯುವ ಯಂತ್ರವೊಂದನ್ನು ತಯಾರಿಸುವ ಕಂಪೆನಿಯ ಯೋಜನೆಯನ್ನು. ಅದಕ್ಕೆ ಬಂಡವಾಳ ಹೂಡಬೇಕಾದವನು ಜಗನ್.

1930ರ ಮೈಸೂರಿನ ಮನೆಯೇ ಇದು. ಆದರೆ ಕುರ್ಚಿಗಳು ಅದಲುಬದಲಾಗಿವೆ. ಅಂದು ಬರೆಯುತ್ತೇನೆಂದು ಕುಳಿತ ಮಗನ ಸ್ಥಾನದಲ್ಲಿದ್ದವರು, ಅರುವತ್ತನ್ನು ದಾಟಿದಾಗ ಅದೇ ಕಥೆಯನ್ನು ಹಣ ಕೊಡುವ ತಂದೆಯ ಸ್ಥಾನದಲ್ಲಿ ಕುಳಿತು ಬರೆದಿದ್ದಾರೆ. ತಮ್ಮ ಬಾಳಿನಲ್ಲಿ ಗೆದ್ದ ಸಂಕಲ್ಪವನ್ನು ಕಾದಂಬರಿಯಲ್ಲಿ ಪೊಳ್ಳಾಗಿ ತೋರಿಸಿದ್ದಾರೆ. ಮಾಲಿಯನ್ನು ಕುರಿತು ನಾರಾಯಣರು ನಿರ್ದಯರಾಗಿದ್ದಾರೆಂದು ಕೆಲವರು ಆಕ್ಷೇಪಿಸುವುದುಂಟು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು: ಆ ಹುಡುಗನಿಗೆ ಒಳಬಾಳೇ ಇಲ್ಲ, ಅವನು ಬಾಗಿಲು ಮುಚ್ಚಿದ ಕೋಣೆ ಮಾತ್ರ. ಈಗ ಅನ್ನಿಸುವುದೇನೆಂದರೆ, ತಂದೆಯ ಕಣ್ಣಿಗೆ ಮಗನ ಕೋಣೆ ಹಾಗೆಯೇ ಕಾಣಬೇಕು. ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ತಮ್ಮ ಮಗನು ಮೂರು ವರುಷ ಕಂಡುದು ಹೀಗೆಯೇ ಇದ್ದಿರಬೇಕು. ಒಳಗೆ ನಿಜವಾಗಿ ಕಾದಂಬರಿಯೊಂದು ತಯಾರಾಗುತ್ತಿದ್ದಿತೇ ಇಲ್ಲವೇ ಎಂಬುದನ್ನು ಅವರು ತಿಳಿಯುವ ಬಗೆಯೇ ಇರಲಿಲ್ಲ. 30 ರೂಪಾಯಿಯ ಚೆಕ್ಕನ್ನು ನೋಡಿ ಅವರು ಆಡಿದ ಹಾಸ್ಯದ ಮಾತನ್ನು ‘ಮೈ ಡೇಸ್’ನಲ್ಲಿ ಓದಿ ನಕ್ಕವರು, ‘ವೆಂಡರ್ ಆಫ್ ಸ್ವೀಟ್ಸ್’ ಮುಗಿಸಿ ಆ ಪುಟಕ್ಕೆ ಹಿಂದಿರುಗಿದರೆ ಅದು ಬೇರೆ ಧ್ವನಿಯಲ್ಲಿ ಕೇಳಿಸುತ್ತದೆ. ಮಗನಿಗೆ ನೋವಾಯಿತೆಂದು ತಿಳಿದೊಡನೆ ಮಾತನ್ನು ಹಿಂತೆಗೆದುಕೊಂಡ ಆ ಹಿರಿಯರ ಚಿತ್ರವನ್ನು ನಾರಾಯಣರು ಎರಡು ಸಲ ಬರೆದಿದ್ದಾರೆ. ಮೊದಲು ಬರೆದುದು ಕಾದಂಬರಿಯಲ್ಲಿ. ಆತ್ಮಕಥೆಯಲ್ಲಿ ಅದೇ ತಂದೆ ನಗುತ್ತಾ ಬಂದರು.

ಮೇಲೆ ಹೇಳಿದ ವಿದ್ಯಾರ್ಥಿಗೆ ನಾನು ಎರಡೂ ಪುಸ್ತಕಗಳನ್ನು ಕೊಟ್ಟು ಕಳುಹಿಸಿದೆನು. ಅವನು ಗುಮಾಸ್ತೆಯ ಕೆಲಸಕ್ಕೆ ಸೇರಿಕೊಂಡಿದ್ದಾನೆ, ರಾತ್ರಿ ಬರೆಯುತ್ತಾನಂತೆ. ಪುಸ್ತಕಗಳನ್ನು ಹಿಂದಿರುಗಿಸುವಾಗ ಅವನು ಕೇಳಿದ್ದು ಒಂದೇ ಪ್ರಶ್ನೆ, ಅದೂ ಕಾದಂಬರಿಯ ಕೊನೆಯ ಭಾಗವನ್ನು ಕುರಿತು. ಜಗನ್ ಸಂಸಾರದಿಂದ ವಿಮುಖನಾಗಿ, ಅಂಗಡಿಯನ್ನು ಬಿಟ್ಟು, ಹೊಳೆಯಾಚೆಯ ತೋಪಿನ ಏಕಾಂತಕ್ಕೆ ಹೊರಡುತ್ತಾನೆ. ಮಗ ಮದ್ಯದ ಬಾಟಲಿಯ ಮೊಕದ್ದಮೆಯಲ್ಲಿ ಸೆರೆಯಲ್ಲಿದ್ದಾನೆ. ಎಲ್ಲವನ್ನೂ ತ್ಯಜಿಸಿದವನು ಚೆಕ್ ಪುಸ್ತಕವನ್ನು ಮಾತ್ರ ಜೊತೆಗೆ ಇಟ್ಟುಕೊಳ್ಳುತ್ತಾನೆ. ಇದು ಕಪಟವೇ, ಎಂದು ವಿದ್ಯಾರ್ಥಿಯ ಪ್ರಶ್ನೆ. ವಿಮರ್ಶಕರಲ್ಲಿಯೂ ಬಹುಮಂದಿ ಅದನ್ನು ಜಗನ್ನನ ವೈರಾಗ್ಯದ ಮೇಲಿನ ವ್ಯಂಗ್ಯವೆಂದೇ ಅರ್ಥಮಾಡಿದ್ದಾರೆ. ಮಗನು ಕರೆತಂದಿದ್ದ ಗ್ರೇಸ್ ಎಂಬ ಹುಡುಗಿಯು ತನ್ನ ದೇಶಕ್ಕೆ ಮರಳಬಯಸಿದರೆ ಅವಳ ಪ್ರಯಾಣದ ಖರ್ಚನ್ನು ತಾನು ಕೊಡುವೆನೆಂದು ಅದೇ ಗಳಿಗೆಯಲ್ಲಿ ಜಗನ್ ಹೇಳಿಹೋಗುವುದನ್ನು ಅವರು ಗಮನಿಸಿದಂತಿಲ್ಲ.